ತಾತ್ಕಾಲಿಕ ವಿರಾಮವೂ ಶ್ರಾವಕಧರ್ಮವೂ

ಗೃಹಸ್ಥನಿಗೆ ಜೀವನೋಪಾಯ ಬೇಕು. ತ್ಯಾಗಿಗಳಿಗೆ ಆಹಾರದಾನ ಮಾಡುವವನು ಅವನು. ಬಸದಿಯ ದೀಪಕ್ಕೆ ಎಣ್ಣೆ ಒದಗಿಸುವವನು ಅವನು. ವೃದ್ಧರಾದ ತಂದೆತಾಯಿಯರನ್ನೂ ಎಳೆಯ ಮಕ್ಕಳನ್ನೂ ಸಲಹಬೇಕಾದವನೂ ಅವನೇ. ಆದುದರಿಂದಲೇ ನಮ್ಮ ಆಚಾರ್ಯರೂ ಪಂಡಿತರೂ ಶ್ರಾವಕನ ಸಂಪಾದನೆಯನ್ನು ತುಚ್ಛವೆಂದು ತಳ್ಳಿಹಾಕಲಿಲ್ಲ. ಅದರ ದಾರಿ ಶುದ್ಧವಾಗಿರಲೆಂದು ಬಯಸಿದರು. ೧೩ನೆಯ ಶತಮಾನದ ಪಂಡಿತ ಆಶಾಧರನು ತನ್ನ ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಧನ ಗಳಿಸುವುದನ್ನೇ ಮೊದಲು ಇರಿಸಿದ್ದಾನೆ. ಪೂಜೆ, ದಾನಗಳ ಮಾತು ಅದರ ಅನಂತರ ಬರುತ್ತದೆ.

ಆದರೆ ಜೀವನೋಪಾಯದ ರೂಪಗಳು ಕಾಲಕಾಲಕ್ಕೆ ಬದಲಾಗುತ್ತವೆ. ಇಂದು ಅನೇಕ ಜೈನ ಮನೆಗಳಲ್ಲಿ ಅಂಗಡಿ, ತೋಟಗಳಲ್ಲದೆ ಒಂದು ‘ಪ್ರೈವೇಟ್ ಲಿಮಿಟೆಡ್’ ಕಂಪನಿಯೂ ಇರುತ್ತದೆ. ಅಂಗಡಿಯ ಬಾಗಿಲು ಹಾಕಿದರೆ ಬೀದಿಯವರಿಗೆಲ್ಲ ಕಾಣುತ್ತದೆ. ಕಂಪನಿಯ ಬಾಗಿಲು ಹಾಕಿದೆಯೋ ತೆರೆದಿದೆಯೋ ಎಂಬುದು ಕಾಗದದಲ್ಲಿ ಮಾತ್ರ ಕಾಣುತ್ತದೆ. ಹೀಗಿರುವಾಗ, ಕಷ್ಟಕಾಲದಲ್ಲಿ ಕಂಪನಿಯನ್ನು ಸ್ವಲ್ಪ ದಿನ ನಿಲ್ಲಿಸಿ ಮತ್ತೊಬ್ಬರ ಬಳಿ ಸಂಬಳಕ್ಕೆ ಸೇರುವುದು ಧರ್ಮಕ್ಕೆ ಒಪ್ಪುವುದೆ, ಒಪ್ಪುವುದಾದರೆ ಯಾವ ಕಟ್ಟಳೆಯಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ಬಂಧುವೊಬ್ಬನ ಮೂಲಕ ನಮ್ಮ ಮನೆಯ ಜಗಲಿಗೇ ಬಂದಿತು.

ಆತ ಹಳ್ಳಿಮೈಸೂರಿನ ಕಡೆಯವನು. ಇಂಜಿನಿಯರಿಂಗ್ ಓದಿ, ತಂದೆಯನ್ನೇ ಎರಡನೆಯ ನಿರ್ದೇಶಕರನ್ನಾಗಿ ಮಾಡಿಕೊಂಡು ಕಂಪನಿ ಕಟ್ಟಿದ್ದ. ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ಶಾಲಾ ಕೊಠಡಿ, ಚರಂಡಿ, ನಾಲೆಯ ದುರಸ್ತಿ ಇಂಥ ಸಣ್ಣಪುಟ್ಟ ಗುತ್ತಿಗೆಗಳನ್ನು ಮಾಡುತ್ತಿದ್ದ. ಮುಗಿಸಿಕೊಟ್ಟ ಕೆಲಸದ ಬಿಲ್ಲುಗಳು ಒಂದು ಕಚೇರಿಯಲ್ಲಿ ಬಹುಕಾಲ ನಿಂತುಹೋದವು. ಹೊಸ ಕೆಲಸ ಹಿಡಿಯಲು ಕೈಯಲ್ಲಿ ಬಂಡವಾಳ ಉಳಿಯಲಿಲ್ಲ. ಆ ಹೊತ್ತಿಗೆ ಬೆಂಗಳೂರಿನ ಒಂದು ದೊಡ್ಡ ಕಟ್ಟಡ ಸಂಸ್ಥೆಯಲ್ಲಿ ಹದಿನೆಂಟು ತಿಂಗಳ ಮಟ್ಟಿಗೆ ಸೈಟ್ ಇಂಜಿನಿಯರ್ ಕೆಲಸ ದೊರೆಯುವ ಸೂಚನೆ ಬಂದಿತು. “ಮಾವ, ಕಂಪನಿ ಮುಚ್ಚೋದಿಲ್ಲ, ಸ್ವಲ್ಪ ಕಾಲ ನಿಲ್ಲಿಸಿ ಸಂಬಳಕ್ಕೆ ಹೋಗಲೇ?” ಎಂದು ನನ್ನನ್ನು ಕೇಳಿದ. ಬಹುಕಾಲ ವಾಣಿಜ್ಯಶಾಸ್ತ್ರ ಕಲಿಸಿದವನೆಂಬ ಕಾರಣಕ್ಕೆ ನನ್ನಲ್ಲಿಗೆ ಬಂದನೇ ಹೊರತು ನಾನು ಧರ್ಮಶಾಸ್ತ್ರಜ್ಞನಲ್ಲ. ಜೊತೆಯಲ್ಲಿ ಬಂದಿದ್ದ ಅವನ ತಂದೆ ನನ್ನ ಉತ್ತರಕ್ಕೆ ಕಾಯಲಿಲ್ಲ. “ಹತ್ತು ಜನಕ್ಕೆ ಬಟವಾಡೆ ಮಾಡುತ್ತಿದ್ದವನು ಇನ್ನೊಬ್ಬರ ಮಸ್ಟರಿನಲ್ಲಿ ಹೆಸರು ಬರೆಸುತ್ತೀಯೇನಯ್ಯ?” ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು.

ಮೊದಲು ಈ ನೋವನ್ನೇ ವಿಚಾರ ಮಾಡೋಣ. ಒಡೆತನ ಮೇಲು, ಸಂಬಳ ಕೀಳು ಎಂಬ ಭಾವನೆ ನಮ್ಮ ವರ್ತಕ ಕುಟುಂಬಗಳಲ್ಲಿ ಆಳವಾಗಿ ಬೇರೂರಿದೆ. ಆದರೆ ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ಆದಿತೀರ್ಥಂಕರ ವೃಷಭನಾಥರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಬೋಧಿಸಿದರೆಂದು ಪುರಾಣಗಳು ಹೇಳುತ್ತವೆ. ಇವುಗಳಲ್ಲಿ ಅಸಿ ಎಂಬುದು ಆಯುಧ ಹಿಡಿದು ಮಾಡುವ ವೃತ್ತಿ. ಮಸಿ ಎಂಬುದು ಲೇಖಣಿ ಹಿಡಿದು ಬರೆಯುವ ವೃತ್ತಿ. ಇವೆರಡೂ ಬಹುಮಟ್ಟಿಗೆ ಮತ್ತೊಬ್ಬರ ಸೇವೆಯಲ್ಲಿ ನಡೆಯುವಂಥವು. ಅವು ವಾಣಿಜ್ಯದ ಪಕ್ಕದಲ್ಲಿಯೇ ಕುಳಿತಿವೆ.

ಇತಿಹಾಸದ ನಿದರ್ಶನ ಬೇಕಾದವರು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದರೆ ಸಾಕು. ವಿಂಧ್ಯಗಿರಿಯ ಮೇಲೆ ೫೮ ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ರಾಜನಲ್ಲ. ಗಂಗ ಅರಸರ ಮಂತ್ರಿಯೂ ಸೇನಾಪತಿಯೂ ಆಗಿದ್ದವನು. ಬೆಟ್ಟದ ಕೆಳಗೆ ಊರಿನೊಳಗೆ ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳಿರುವ ಬಸದಿಯನ್ನು ೧೧೫೯ರಲ್ಲಿ ಕಟ್ಟಿಸಿದ ಹುಳ್ಳರಾಜನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ, ಎಂದರೆ ಬೊಕ್ಕಸದ ಅಧಿಕಾರಿ. ಆ ಬಸದಿಯನ್ನು ಜನ ಇಂದಿಗೂ ಕರೆಯುವುದು ‘ಭಂಡಾರಿ ಬಸದಿ’ ಎಂದೇ. ಎಂಟು ಶತಮಾನಗಳಿಗೂ ಮೀರಿ ಉಳಿದು ಬಂದಿರುವುದು ಒಡೆತನದ ಹೆಸರಲ್ಲ, ಉದ್ಯೋಗದ ಹೆಸರು. ಮತ್ತೊಬ್ಬರ ಹಣದ ಲೆಕ್ಕವನ್ನು ನಿಷ್ಠೆಯಿಂದ ನೋಡಿಕೊಳ್ಳುವ ಕೆಲಸ ಶ್ರಾವಕನ ಗೌರವಕ್ಕೆ ಕುಂದಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಇದನ್ನು ಹೇಳಿದಾಗ ತಂದೆಯವರು ಸುಮ್ಮನಾದರು. ಒಪ್ಪಿದರೆಂದು ನಾನು ಹೇಳಲಾರೆ.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಆಕ್ಷೇಪವೂ ಬಂದಿತು. ಹುಡುಗನ ಸ್ನೇಹಿತರೊಬ್ಬರು, “ನಡೆಯದ ಕಂಪನಿಯನ್ನು ಇಟ್ಟುಕೊಳ್ಳುವುದೇಕೆ? ಪೂರ್ತಿ ಮುಚ್ಚಿಬಿಡಲಿ. ಬರಿಯ ಹೆಸರಿಗೆ ಅಂಟಿಕೊಳ್ಳುವುದೂ ಪರಿಗ್ರಹವಲ್ಲವೆ?” ಎಂದರು. ಮಾತಿನಲ್ಲಿ ತೂಕವಿದೆ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನ ಲೆಕ್ಕದಿಂದ ಅಳೆಯದೆ ಮೂರ್ಛೆಯಿಂದ, ಎಂದರೆ ನನ್ನದೆಂಬ ಅಂಟಿನಿಂದ ಅಳೆಯುತ್ತದೆ. ಏನೂ ಇಲ್ಲದ ಕಂಪನಿಯ ನಾಮಫಲಕಕ್ಕೂ ಆ ಅಂಟು ಹತ್ತಬಹುದು. ಹಾಗೆಂದು ವಿರಾಮವೆಲ್ಲ ಮೂರ್ಛೆಯೇ ಎನ್ನಲಾಗದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ಪರಿಮಿತಿಯನ್ನು ಹೇಳುವಾಗ ಬದುಕಿರುವವರೆಗಿನ ತ್ಯಾಗವನ್ನು ಯಮವೆಂದೂ, ಗೊತ್ತಾದ ಕಾಲದವರೆಗಿನ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ಗೃಹಸ್ಥನ ಶಕ್ತಿಯನ್ನರಿತು ಎರಡಕ್ಕೂ ಸ್ಥಾನ ಕೊಟ್ಟಿದ್ದಾರೆ. ಅವರು ಹೇಳಿದ್ದು ಭೋಗದ ವಿಷಯ. ನಾನು ಅದನ್ನು ವ್ಯಾಪಾರಕ್ಕೆ ಅನ್ವಯಿಸುತ್ತಿದ್ದೇನೆಂಬ ಎಚ್ಚರ ನನಗಿದೆ. ಆದರೂ ಒಂದು ಮಾತು ಸ್ಪಷ್ಟ. ನಿಯಮಕ್ಕೆ ಅವಧಿ ಇರಬೇಕು. ‘ನೋಡೋಣ, ಎಂದಾದರೂ ತೆರೆಯೋಣ’ ಎಂಬುದು ನಿಯಮವಲ್ಲ, ಆಲಸ್ಯ. ನಾನು ಹುಡುಗನಿಗೆ ಹೇಳಿದ ಮೊದಲ ಮಾತು ಇದೇ: “ನಿಲ್ಲಿಸುವುದಾದರೆ ಯಾವ ತಿಂಗಳಿನವರೆಗೆ ಎಂದು ಬರೆದಿಡು. ಆ ದಿನ ಬಂದಾಗ ತೆರೆಯಬೇಕು, ಇಲ್ಲವೆ ಮುಚ್ಚಬೇಕು.”

ಇನ್ನು ಕಾನೂನಿನ ವಿಷಯ. ವಿರಾಮವೆಂದರೆ ಕೈಕಟ್ಟಿ ಕುಳಿತರಾಯಿತು ಎಂಬ ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲೂ ಇದೆ. ೨೦೧೩ರ ಕಂಪನಿ ಕಾಯಿದೆಯ ೪೫೫ನೆಯ ಕಲಮು ‘ಸುಪ್ತ ಕಂಪನಿ’ ಎಂಬ ಸ್ಥಾನವನ್ನು ಕಲ್ಪಿಸಿದೆ. ಆದರೆ ಕೇಳಿದೊಡನೆ ಅದು ದೊರೆಯುವುದಿಲ್ಲ. ಮುಂದಿನ ಯೋಜನೆಗಾಗಿಯೋ ಆಸ್ತಿ ಇಟ್ಟುಕೊಳ್ಳಲೆಂದೋ ಸ್ಥಾಪಿಸಿದ, ಗಣನೀಯ ಲೆಕ್ಕವ್ಯವಹಾರವಿಲ್ಲದ ಕಂಪನಿ, ಅಥವಾ ಹಿಂದಿನ ಎರಡು ಹಣಕಾಸು ವರ್ಷಗಳಿಂದ ನಿಷ್ಕ್ರಿಯವಾಗಿರುವ ಕಂಪನಿ ಅದಕ್ಕೆ ಅರ್ಜಿ ಹಾಕಬಹುದು. ನಿನ್ನೆಯವರೆಗೆ ಚರಂಡಿ ಕಟ್ಟುತ್ತಿದ್ದ ಕಂಪನಿ ಇಂದು ತಾನು ಸುಪ್ತವೆಂದು ಹೇಳಿಕೊಳ್ಳುವಂತಿಲ್ಲ. ಅರ್ಜಿ ಹಾಕುವ ಕಂಪನಿಗೆ ಷೇರುದಾರರ ಒಪ್ಪಿಗೆ ಇರಬೇಕು, ತೆರಿಗೆಯ ಬಾಕಿ ಇರಬಾರದು, ಸಾಲ ತೀರಿರಬೇಕು ಅಥವಾ ಭದ್ರತೆಯಿಲ್ಲದ ಸಾಲವಾದರೆ ಕೊಟ್ಟವರು ಒಪ್ಪಿರಬೇಕು, ಕೆಲಸಗಾರರಿಗೆ ಸಲ್ಲಬೇಕಾದುದು ಸಂದಿರಬೇಕು. ಸುಪ್ತಸ್ಥಾನ ದೊರೆತ ಮೇಲೆಯೂ ವರ್ಷಕ್ಕೊಮ್ಮೆ ವಿವರ ಸಲ್ಲಿಸಬೇಕು. ಖಾಸಗಿ ಕಂಪನಿಯಲ್ಲಿ ಇಬ್ಬರು ನಿರ್ದೇಶಕರು ಇದ್ದೇ ಇರಬೇಕು. ಸತತವಾಗಿ ಐದು ವರ್ಷ ನಿದ್ರಿಸಿದರೆ ರಿಜಿಸ್ಟ್ರಾರರು ಹೆಸರು ತೆಗೆದುಹಾಕುವ ಕ್ರಮ ಕೈಗೊಳ್ಳುತ್ತಾರೆ.

ಎಂದಮೇಲೆ ನಮ್ಮ ಹುಡುಗನಂತೆ ಹದಿನೆಂಟು ತಿಂಗಳಿಗೆ ನಿಲ್ಲಿಸುವವನಿಗೆ ಆ ಸ್ಥಾನ ಬಹುಮಟ್ಟಿಗೆ ಎಟುಕುವುದೇ ಇಲ್ಲ. ಆತನ ಕಂಪನಿ ಕೆಲಸವಿಲ್ಲದ, ಆದರೆ ಎಚ್ಚರವಾಗಿರುವ ಕಂಪನಿ. ಸಭೆ, ಲೆಕ್ಕಪರಿಶೋಧನೆ, ವಾರ್ಷಿಕ ಪತ್ರಗಳು ಎಲ್ಲವೂ ನಡೆಯಲೇಬೇಕು. ಜಿಎಸ್‌ಟಿ ನೋಂದಣಿಯನ್ನು ಉಳಿಸಿಕೊಂಡರೆ ವಹಿವಾಟು ಶೂನ್ಯವೆಂದಾದರೂ ತಿಳಿಸುತ್ತಲೇ ಇರಬೇಕು. ವಾರ್ಷಿಕ ಪತ್ರಗಳು ತಡವಾದರೆ ಒಂದೊಂದಕ್ಕೂ ದಿನಕ್ಕೆ ೧೦೦ ರೂಪಾಯಿಯಂತೆ ಹೆಚ್ಚಿನ ಶುಲ್ಕವೆಂಬ ನಿಯಮ ೨೦೧೮ರಲ್ಲಿ ಬಂದಿತು. ಅದಕ್ಕೂ ಮೊದಲು, ೨೦೧೭ರಲ್ಲಿ, ದೇಶದಲ್ಲಿ ಎರಡು ಲಕ್ಷಕ್ಕೂ ಮೀರಿದ ಕಂಪನಿಗಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ವರ್ಷಗಟ್ಟಲೆ ಪತ್ರ ಸಲ್ಲಿಸದ ಕಂಪನಿಗಳ ನಿರ್ದೇಶಕರು ಬಹುಸಂಖ್ಯೆಯಲ್ಲಿ ಅನರ್ಹರಾದರು. ಅವರಲ್ಲಿ ವಂಚಕರೂ ಇದ್ದಿರಬಹುದು. ಸುಮ್ಮನೆ ಮರೆತವರೂ ಇದ್ದಿರಬೇಕು.

ಕಡಲಾಚೆಯ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ಅಪರಿಚಿತವಲ್ಲ. ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಕ್ಷೇತ್ರದ ಅನೇಕರು ತಮ್ಮದೇ ಲಿಮಿಟೆಡ್ ಕಂಪನಿಯ ಮೂಲಕ ಗುತ್ತಿಗೆಯ ಕೆಲಸ ಮಾಡುವ ಪದ್ಧತಿಯಿದೆ. ‘ಐಆರ್ ೩೫’ ಎಂದು ಹೆಸರಾದ, ೨೦೦೦ದ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತೆರಿಗೆ ನಿಯಮವು ಅಲ್ಲಿ ಒಂದು ಸರಳ ಪ್ರಶ್ನೆ ಕೇಳುತ್ತದೆ: ನಡುವೆ ಈ ಕಂಪನಿ ಇಲ್ಲದೆ ಹೋಗಿದ್ದರೆ ಈ ಮನುಷ್ಯ ಆ ಸಂಸ್ಥೆಯ ನೌಕರನೇ ಆಗುತ್ತಿದ್ದನಲ್ಲವೆ? ಇದನ್ನು ನಿರ್ಧರಿಸುವ ಹೊಣೆ ೨೦೧೭ರಲ್ಲಿ ಸರ್ಕಾರಿ ವಲಯದಲ್ಲಿಯೂ, ೨೦೨೧ರಲ್ಲಿ ಮಧ್ಯಮ ಹಾಗೂ ದೊಡ್ಡ ಖಾಸಗಿ ಸಂಸ್ಥೆಗಳಲ್ಲಿಯೂ ಕೆಲಸ ಕೊಡುವವರ ಮೇಲೆ ಬಿದ್ದಿತು. ಅನೇಕರು ಸ್ವಂತ ಕಂಪನಿಯನ್ನು ನಿಲ್ಲಿಸಿ ಸಂಬಳದ ಪಟ್ಟಿಗೆ ಸೇರಿದರು. ಅಲ್ಲಿಯೂ ನಿಂತ ಕಂಪನಿ ತೆರಿಗೆಯವರಿಗೆ ವಿಷಯ ತಿಳಿಸಬೇಕು, ವರ್ಷಕ್ಕೊಮ್ಮೆ ವಿವರ ಕೊಡಬೇಕು. ದೇಶ ಬೇರೆಯಾದರೂ ಪಾಠ ಒಂದೇ. ಹೆಸರು ಏನಿದೆ ಎಂಬುದು ವ್ಯವಹಾರ. ವಸ್ತುಸ್ಥಿತಿ ಏನಿದೆ ಎಂಬುದು ನಿಶ್ಚಯ. ಎರಡಕ್ಕೂ ತಾಳೆಯಾಗದಿದ್ದರೆ ಅಲ್ಲಿ ಅಸತ್ಯ ನುಸುಳಿದೆ ಎಂದರ್ಥ.

ಈ ಅಸತ್ಯದ ಆಮಿಷ ನಮ್ಮ ಹುಡುಗನಿಗೂ ಬಂದಿತು, ಅದೂ ಇಬ್ಬರಿಂದ. “ಸಂಬಳವೆಂದು ತೋರಿಸಬೇಡ, ಕಂಪನಿಯ ಹೆಸರಿನಲ್ಲಿ ಬಿಲ್ ಹಾಕು, ತೆರಿಗೆ ಉಳಿಯುತ್ತದೆ” ಎಂದು ಒಬ್ಬರು ಬುದ್ಧಿ ಹೇಳಿದರು. ಮತ್ತೊಬ್ಬ ಗುತ್ತಿಗೆದಾರರು, “ಹೇಗೂ ನೀವು ಊರಲ್ಲಿರುವುದಿಲ್ಲ. ನಿಮ್ಮ ಲೈಸೆನ್ಸಿನ ಮೇಲೆ ನಾನು ಟೆಂಡರ್ ಹಾಕುತ್ತೇನೆ. ನೀವು ಸಹಿ ಮಾಡಿದರೆ ಸಾಕು, ನಿಮ್ಮ ಪಾಲು ಮನೆಗೆ ಬರುತ್ತದೆ” ಎಂದರು. ಕಷ್ಟದಲ್ಲಿರುವವನಿಗೆ ಇದು ಕೂತಲ್ಲಿಗೆ ಬರುವ ಹಣ. ಲೈಸೆನ್ಸು ಬಾಡಿಗೆಗೆ ಕೊಡುವುದು ನಮ್ಮ ಸೀಮೆಯಲ್ಲಿ ಯಾರನ್ನೂ ಬೆಚ್ಚಿಬೀಳಿಸುವ ಸಂಗತಿಯೂ ಅಲ್ಲ. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಸೃಷ್ಟಿಸುವುದು, ಒಂದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ; ಅಚೌರ್ಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ, ಎಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಮಾಡುವುದು, ಸೇರಿದೆ. ಹಗಲು ಮಲಗಿ ಇರುಳು ಸಹಿ ಮಾಡುವ ಕಂಪನಿ ಈ ಎರಡು ಅತಿಚಾರಗಳಿಗೂ ಒಟ್ಟಿಗೆ ಸಲ್ಲುತ್ತದೆ. ಇದರಲ್ಲಿ ಹಿಂಸೆಯ ಅಂಶವೂ ಇದೆ. ತನ್ನ ಹೆಸರಿನಲ್ಲಿ ಬೇರೊಬ್ಬ ಕಟ್ಟಿದ ಶಾಲೆಯ ಮಾಡು ಕುಸಿದರೆ, ಕೆಳಗಿರುವ ಮಕ್ಕಳಿಗೆ ಸಹಿಯ ಬಾಡಿಗೆ ಪಡೆದವನು ಏನು ಉತ್ತರ ಹೇಳಿಯಾನು? ಹುಡುಗ ಎರಡನ್ನೂ ಬೇಡವೆಂದ. ಆ ತಿಂಗಳು ಅವನ ಮನೆಯಲ್ಲಿ ಹಣಕ್ಕೆ ಬಹಳ ತೊಂದರೆಯಿತ್ತೆಂದು ನಾನು ಬಲ್ಲೆ.

ಎಲ್ಲಕ್ಕಿಂತ ಕಠಿಣವಾದದ್ದು ಕೆಲಸಗಾರರ ಪ್ರಶ್ನೆ. ಕಂಪನಿ ಎಂಬುದು ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ, ಅದಕ್ಕೆ ಹಸಿವಿಲ್ಲ. ಅದನ್ನು ನಂಬಿದ ಮೇಸ್ತ್ರಿಗೆ ಹಸಿವಿದೆ. ಈ ಕಂಪನಿಯಲ್ಲಿ ಮೊದಲಿನಿಂದಲೂ ಗಾರೆ ಕೆಲಸ ನೋಡುತ್ತಿದ್ದ ಮೇಸ್ತ್ರಿಯೊಬ್ಬರಿದ್ದರು. ಅವರಿಗೂ ಅವರ ಆಳುಗಳಿಗೂ ಕೂಲಿಯ ಬಾಕಿ ಇತ್ತು. ಸಿಮೆಂಟು ಕಬ್ಬಿಣದ ಅಂಗಡಿಗೂ ಬಾಕಿ ಇತ್ತು. ಬಿಲ್ಲಿನ ಹಣ ಬಂದಮೇಲೆ ತೀರಿಸೋಣವೆಂದು ತಂದೆಯವರು ಹೇಳಿದರು. ಇಲ್ಲಿ ಲಿಮಿಟೆಡ್ ಎಂಬ ಮಾತಿನ ಅರ್ಥವನ್ನು ಯೋಚಿಸಬೇಕು. ಷೇರುದಾರನ ಹೊಣೆಗೆ ಕಾನೂನು ಒಂದು ಮಿತಿ ಹಾಕಿದೆ. ವ್ಯಾಪಾರದಲ್ಲಿ ಸೋತವನು ಹೆಂಡತಿಯ ಮಾಂಗಲ್ಯವನ್ನು ಮಾರುವಂತಾಗದಿರಲೆಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ. ಆದರೆ ಬೆವರು ಸುರಿಸಿದವನ ಕೂಲಿಯನ್ನು ತಡೆದಿಡಲು ಆ ಮಿತಿಯನ್ನು ಗುರಾಣಿಯಾಗಿ ಹಿಡಿಯುವುದು ಶ್ರಾವಕನಿಗೆ ಸಲ್ಲದು. ನ್ಯಾಸಾಪಹಾರವೆಂಬ ಅತಿಚಾರವು ನಂಬಿ ಇರಿಸಿದ ಒಡವೆಯ ವಿಷಯ. ತೀರದ ಕೂಲಿಯೂ ಬಡವನು ನಮ್ಮಲ್ಲಿ ನಂಬಿ ಇರಿಸಿದ ಒಡವೆಯೇ ಎಂದು ನನ್ನ ಭಾವನೆ.

ಹುಡುಗ ಕಾಂಕ್ರೀಟ್ ಮಿಕ್ಸರನ್ನೂ ಸೆಂಟ್ರಿಂಗ್ ಹಲಗೆಗಳನ್ನೂ ಮಾರಿ, ಮೊದಲು ಕೂಲಿ, ಆಮೇಲೆ ಅಂಗಡಿ ಎಂಬ ಕ್ರಮದಲ್ಲಿ ಬಾಕಿ ತೀರಿಸಿದ. ಮಿಕ್ಸರು ಮಾರಿದ ದಿನ ತಂದೆ ಊಟ ಮಾಡಲಿಲ್ಲವಂತೆ. ಬಾಕಿ ಎಣಿಸಿಕೊಂಡ ಮೇಸ್ತ್ರಿ ಹೇಳಿದ ಮಾತು ಮಾತ್ರ ನನ್ನನ್ನು ಇನ್ನೂ ಕಾಡುತ್ತಿದೆ. “ಲೆಕ್ಕ ಸರಿಹೋಯ್ತು ಸ್ವಾಮಿ. ನಾಳೆ ಬೆಳಿಗ್ಗೆ ನಾನು ಎಲ್ಲಿಗೆ ಹೋಗಲಿ, ಅದನ್ನೂ ಹೇಳಿ.” ಒಡೆಯನಿಗೆ ವಿರಾಮವಾದುದು ಕೆಲಸಗಾರನಿಗೆ ನಿರುದ್ಯೋಗವಾಗುತ್ತದೆ. ಹುಡುಗ ಚನ್ನರಾಯಪಟ್ಟಣದ ಕಡೆಯ ಬೇರೊಬ್ಬ ಗುತ್ತಿಗೆದಾರರಲ್ಲಿ ಅವರಿಗೆ ಕೆಲಸ ಕೊಡಿಸಿದ. ದಿನಗೂಲಿ ಮೊದಲಿಗಿಂತ ಕಡಿಮೆ, ಮನೆಯಿಂದ ದೂರ. ಇದರಿಂದ ಋಣ ತೀರಿತೇ? ತೀರಿತೆಂದು ಹೇಳುವ ಧೈರ್ಯ ನನಗಿಲ್ಲ. ಮಾಡಬಹುದಾದುದನ್ನು ಮಾಡಿದ ಮೇಲೆಯೂ ಉಳಿಯುವ ಈ ಕೊರಗನ್ನು ಅಳಿಸಿಹಾಕದೆ ಇಟ್ಟುಕೊಳ್ಳುವುದೇ ಮೇಲೆಂದು ತೋರುತ್ತದೆ. ಮುಂದೆ ಕಂಪನಿ ತೆರೆದಾಗ ಮೊದಲು ಯಾರಿಗೆ ಹೇಳಿಕಳುಹಿಸಬೇಕೆಂಬುದನ್ನು ಅದು ನೆನಪಿಸುತ್ತಿರುತ್ತದೆ.

ಹೊಸ ಯಜಮಾನರ ವಿಷಯದಲ್ಲೂ ಕರ್ತವ್ಯವಿದೆ. ತಾನು ಒಂದು ಕಂಪನಿಯ ನಿರ್ದೇಶಕನೆಂಬುದನ್ನೂ, ಅದು ಸದ್ಯ ಕೆಲಸ ಮಾಡುತ್ತಿಲ್ಲವೆಂಬುದನ್ನೂ, ಅವಧಿ ಮುಗಿದ ಮೇಲೆ ಮರಳುವ ಮನಸ್ಸಿದೆಯೆಂಬುದನ್ನೂ ಸೇರುವ ಮೊದಲೇ ಬರೆದು ತಿಳಿಸಬೇಕು. ಮುಚ್ಚಿಟ್ಟು ಸೇರಿದರೆ ಅದು ಮೌನದ ರೂಪದ ಅಸತ್ಯ. ತಾತ್ಕಾಲಿಕ ಕೆಲಸವೆಂದು ಅರೆಮನಸ್ಸಿನಿಂದ ದುಡಿಯುವುದೂ ಸಲ್ಲದು. ಸಂಬಳ ಪಡೆದ ಗಂಟೆ ಮತ್ತೊಬ್ಬರದು. ಆ ಗಂಟೆಯಲ್ಲಿ ನಮ್ಮ ಕಂಪನಿಯ ಪತ್ರ ಬರೆಯುವುದು ಅಚೌರ್ಯಕ್ಕೆ ಭಂಗ. ಹುಡುಗ ತಿಳಿಸಿದ, ಅವರು ಒಪ್ಪಿದರು. ಒಪ್ಪದಿದ್ದರೆ ಕೆಲಸ ತಪ್ಪುತ್ತಿತ್ತೆಂಬುದನ್ನು ಅರಿತೇ ತಿಳಿಸಿದ.

ಕಡೆಯದಾಗಿ ನಮ್ಮ ಬಸದಿಗಳ ಟ್ರಸ್ಟಿಗಳಲ್ಲಿ ಒಂದು ಬಿನ್ನಹ. ಈ ಹುಡುಗ ಒಂದು ಬಸದಿಯ ಜೀರ್ಣೋದ್ಧಾರಕ್ಕೆ ಕಂಪನಿಯ ಹೆಸರಿನಲ್ಲಿ ಹಣ ಕೊಡುವುದಾಗಿ ಮಾತು ಕೊಟ್ಟಿದ್ದ. ಸಮಿತಿಯ ಹಿರಿಯರೊಬ್ಬರು, “ಧರ್ಮಕಾರ್ಯಕ್ಕೆ ಒಪ್ಪಿದ್ದನ್ನು ನಿಲ್ಲಿಸಬಾರದು” ಎಂದು ನೆನಪಿಸಿದರು. ಕೊಟ್ಟ ಮಾತು ದೊಡ್ಡದು ನಿಜ. ಆದರೆ ಕೂಲಿಯ ಬಾಕಿ ಇರುವಾಗ ಅದೇ ಹಣದಿಂದ ಮಾಡುವ ದಾನ ನ್ಯಾಯೋಪಾರ್ಜಿತವಾಗುವುದೇ? ಅದು ಮೇಸ್ತ್ರಿಯ ಹಣದಿಂದ ನಮ್ಮ ಹೆಸರು ಕೆತ್ತಿಸಿದಂತಾಗುತ್ತದೆ. ಅಂಥ ಹೊತ್ತಿನಲ್ಲಿ ದಾನಿಗೆ ಕಾಲಾವಕಾಶ ಕೊಡುವುದು ಟ್ರಸ್ಟಿನ ಧರ್ಮ. ಹಾಗೆಯೇ, ಬಸದಿಯ ಕೆಲಸ ಮಾಡಿದ ಸಣ್ಣ ಗುತ್ತಿಗೆದಾರರ ಬಿಲ್ಲುಗಳನ್ನೂ ಹಿಡಿದಿಟ್ಟ ಠೇವಣಿಗಳನ್ನೂ ‘ದೇವರ ಕೆಲಸವಲ್ಲವೆ’ ಎಂದು ತಡಮಾಡುವ ರೂಢಿ ಕೆಲವೆಡೆ ಇದೆ. ದೇವರ ಕೆಲಸವಾದುದರಿಂದಲೇ ಅದು ಬೇಗ ತೀರಬೇಕು. ಚಾವುಂಡರಾಯನ ಕೊಡಕೊಡ ಹಾಲು ಇಳಿಯದ ಗೊಮ್ಮಟನ ಪಾದಕ್ಕೆ ಗುಳ್ಳಕಾಯಜ್ಜಿಯ ಗುಕ್ಕು ಹಾಲು ಇಳಿಯಿತೆಂಬ ಐತಿಹ್ಯವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಲೆಕ್ಕಪುಸ್ತಕದ ಮುಂದೆ ಕುಳಿತಾಗಲೂ ಅದನ್ನು ನೆನೆಯಬೇಕು.

ಸಾಮಾಯಿಕಕ್ಕೆ ಕುಳಿತ ಗೃಹಸ್ಥನು ಸಂಸಾರವನ್ನು ಬಿಟ್ಟವನಲ್ಲ. ಒಂದು ಅವಧಿಗೆ ವ್ಯಾಪಾರಗಳನ್ನೆಲ್ಲ ನಿಲ್ಲಿಸಿದವನು. ಅವಧಿ ಮುಗಿದೊಡನೆ ಎದ್ದು ಮನೆವಾರ್ತೆಗೆ ಮರಳುತ್ತಾನೆ. ಆ ವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಅನಾದರ ಮತ್ತು ಮರೆವು ಎಂಬ ಎರಡು ಇವೆ. ಕಂಪನಿಯ ವಿರಾಮ ಲೌಕಿಕವಾದುದು, ಅದನ್ನು ವ್ರತಕ್ಕೆ ಸಮನೆಂದು ನಾನು ಹೇಳುತ್ತಿಲ್ಲ. ಆದರೂ ಅದನ್ನು ಕೆಡಿಸುವ ದೋಷಗಳು ಇವೇ ಎರಡು. ಸಲ್ಲಿಸಬೇಕಾದ ಪತ್ರವನ್ನು ಮರೆಯುವುದು ಮರೆವು. ಬೀದಿಗೆ ಬಿದ್ದ ಕೆಲಸಗಾರನನ್ನು ಗಮನಿಸದಿರುವುದು ಅನಾದರ. ಇವೆರಡನ್ನು ಬಿಟ್ಟು, ಅವಧಿ ಗೊತ್ತುಮಾಡಿ, ಋಣ ತೀರಿಸಿ, ಎಲ್ಲರಿಗೂ ತಿಳಿಸಿ ನಿಲ್ಲಿಸಿದವನು ತಲೆ ತಗ್ಗಿಸಬೇಕಾಗಿಲ್ಲ.

ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಅವಧಿಯಲ್ಲಿ ಅರ್ಧಕ್ಕೂ ಹೆಚ್ಚು ಕಳೆದಿದೆ. ಹಳೆಯ ಬಿಲ್ಲುಗಳಲ್ಲಿ ಒಂದು ಬಂದಿದೆ, ಉಳಿದವು ಬರಬೇಕು. ಈ ವರ್ಷದ ಲೆಕ್ಕಪತ್ರಕ್ಕೆ ಸಹಿ ಹಾಕಲು ತಂದೆಯವರು ನಮ್ಮ ಮನೆಗೆ ಬಂದಿದ್ದರು. ಆದಾಯದ ಅಂಕಣದಲ್ಲಿ ಬರೆದಿದ್ದ ಸೊನ್ನೆಯನ್ನು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. “ಸೊನ್ನೆಯಾದರೂ ನಿಜವಾದ ಸೊನ್ನೆ” ಎಂದು ಹೇಳಿ ಸಹಿ ಹಾಕಿದರು.